ನಿಮ್ಮ ಪ್ರಯೋಗಕ್ಕೆ ಯಾವ ಡಿಸೈನ್ ಸರಿ? ಜೀವಶಾಸ್ತ್ರ ಮತ್ತು ಕೃಷಿ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಡೇಟಾ ಎಲ್ಲ ಕೈಗೆ ಬಂದ ಮೇಲೆ "ಇದಕ್ಕೆ ಯಾವ ಅನೋವಾ ಹಾಕಲಿ?" ಎಂದು ಕೇಳುವವರೇ ಜಾಸ್ತಿ. (ಅನೋವಾ ಎಂದರೆ ಏರುಪೇರನ್ನು ಭಾಗ ಮಾಡಿ ಗುಂಪುಗಳ ಸರಾಸರಿಯನ್ನು ಹೋಲಿಸುವ ಲೆಕ್ಕ.) ಆದರೆ ಆ ಪ್ರಶ್ನೆಗೆ ಉತ್ತರ ಡೇಟಾದ ಒಳಗೆ ಇರುವುದಿಲ್ಲ. ಒಂದೇ ಎಕ್ಸೆಲ್ ಶೀಟು, ಅದೇ 48 ಸಂಖ್ಯೆಗಳು, ಮೂರು ಬೇರೆ ಬೇರೆ ಡಿಸೈನ್‌ಗಳಿಂದ ಬಂದಿರಬಹುದು. ನೀರು ಯಾವ ತಾಕಿಗೆ ಬಿಟ್ಟಿರಿ, ಔಷಧಿ ಯಾವ ಪಂಜರಕ್ಕೆ ಹಾಕಿದಿರಿ, ಚೀಟಿ ಎತ್ತಿದ್ದು ಯಾವುದಕ್ಕೆ ಎಂದು ತಿಳಿದರೆ ಮಾತ್ರ ಡಿಸೈನ್ ಯಾವುದು ಎಂದು ಹೇಳಬಹುದು.

ಹಾಗಾಗಿ ಈ ಮಾರ್ಗದರ್ಶಿ ಸಾಫ್ಟ್‌ವೇರ್‌ನ ಮೆನುವಿನಿಂದ ಶುರುವಾಗುವುದಿಲ್ಲ. ಕೈಯಲ್ಲಿ ಒಂದು ಪೆನ್ನು, ಒಂದು ಖಾಲಿ ಹಾಳೆ ಇಟ್ಟುಕೊಳ್ಳಿ. ಪ್ರಯೋಗ ಇನ್ನೂ ಶುರುವಾಗಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

"ರಾಗಿ ಬೆಳೆಯ ಮೇಲೆ ನೀರಿನ ಪರಿಣಾಮದ ಅಧ್ಯಯನ" ಎನ್ನುವುದು ಥೀಸಿಸ್ ಶೀರ್ಷಿಕೆ, ಪ್ರಶ್ನೆ ಅಲ್ಲ. "ತೆನೆ ಬರುವ ಹೊತ್ತಿಗೆ ಒಂದು ನೀರು ಕೊಟ್ಟರೆ ಎಂಎಲ್-365 ತಳಿಯ ಇಳುವರಿ ಮಳೆ ಆಶ್ರಯಕ್ಕಿಂತ ಎಷ್ಟು ಏರುತ್ತದೆ?" ಎನ್ನುವುದು ಪ್ರಶ್ನೆ. ಏನು ಕೊಡುತ್ತೀರಿ, ಯಾವುದರ ಜೊತೆ ಹೋಲಿಸುತ್ತೀರಿ, ಏನನ್ನು ಅಳೆಯುತ್ತೀರಿ ಎಂಬ ಮೂರೂ ಅದರಲ್ಲಿವೆ. ಇಂಥ ವಾಕ್ಯ ಬರೆಯಲು ಆಗದಿದ್ದರೆ ಡಿಸೈನ್ ಹುಡುಕುವ ಹೊತ್ತು ಇನ್ನೂ ಬಂದಿಲ್ಲ.

ಕಂಟ್ರೋಲ್ ಯಾವುದು ಎನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ಔಷಧಿಯನ್ನು ಡಿಎಂಎಸ್ಒದಲ್ಲಿ ಕರಗಿಸಿ ಕೊಡುತ್ತಿದ್ದರೆ, ಬರೀ ಡಿಎಂಎಸ್ಒ ಕೊಟ್ಟ ಗುಂಪೇ ನಿಮ್ಮ ಕಂಟ್ರೋಲ್. ಏನೂ ಕೊಡದ ಗುಂಪನ್ನು ಮಾತ್ರ ಇಟ್ಟುಕೊಂಡರೆ, ಕಂಡ ವ್ಯತ್ಯಾಸ ಔಷಧಿಯದೋ ದ್ರಾವಕದ್ದೋ ತಿಳಿಯುವುದಿಲ್ಲ.

ಹಂತ 2: ಪ್ರಯೋಗದ ಘಟಕ ಯಾವುದು?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುತ್ತೀರಿ ಎಂದಾದರೆ ಇದನ್ನು ಓದಿ. ಇದೊಂದು ಸರಿಯಾದರೆ ಮುಂದಿನ ಮುಕ್ಕಾಲು ಕೆಲಸ ತಾನಾಗಿಯೇ ಆಗುತ್ತದೆ. ಇಲ್ಲಿ ತಪ್ಪಿದರೆ ಆಮೇಲೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ.

ಪ್ರಯೋಗದ ಘಟಕ ಎಂದರೆ, ಟ್ರೀಟ್‌ಮೆಂಟನ್ನು (ಅಂದರೆ ನೀವು ಹೋಲಿಸಲು ಕೊಡುವ ನೀರು, ಗೊಬ್ಬರ, ಔಷಧಿಯಂಥದ್ದನ್ನು) ಮಿಕ್ಕವುಗಳಿಂದ ಸ್ವತಂತ್ರವಾಗಿ ಕೊಡಬಹುದಾದ ಅತಿ ಚಿಕ್ಕ ವಸ್ತು. ಚೀಟಿ ಎತ್ತಿ "ಇದಕ್ಕೆ ಎ, ಅದಕ್ಕೆ ಬಿ" ಎಂದು ಹಂಚುವುದು ಯಾವುದಕ್ಕೋ, ಅದೇ ಘಟಕ. ನೀವು ಅಳೆಯುವ ವಸ್ತು ಬೇರೆಯೇ ಇರಬಹುದು. ಎಲೆ ಅಳೆಯುತ್ತೀರಿ, ಆದರೆ ಗೊಬ್ಬರ ಕೊಟ್ಟಿದ್ದು ಕುಂಡಕ್ಕೆ. ಹಾಗಿದ್ದರೆ ಕುಂಡವೇ ಘಟಕ, ಎಲೆ ಬರೀ ಮಾದರಿ. ಒಂದು ಕುಂಡದಿಂದ 5 ಎಲೆಗಳ ಎಸ್‌ಪಿಎಡಿ (ಎಲೆಯ ಹಸಿರಿನ ಅಳತೆ) ರೀಡಿಂಗ್ ತೆಗೆದರೆ ನಿಮ್ಮ ಹತ್ತಿರ 5 ರೆಪ್ಲಿಕೇಶನ್ (ಸ್ವತಂತ್ರ ಪುನರಾವರ್ತನೆ) ಇಲ್ಲ, ಒಂದೇ ಇದೆ. ಒಂದೇ ಪಾತ್ರೆಯ ಅನ್ನದಿಂದ ನಾಲ್ಕು ಅಗುಳು ಹಿಸುಕಿ ನೋಡಿದರೆ ನಾಲ್ಕು ಸಲ ಅನ್ನ ಮಾಡಿದಂತೆ ಆಗುವುದಿಲ್ಲವಲ್ಲ.

ಲ್ಯಾಬ್‌ನ ಇಲಿಗಳನ್ನೇ ತೆಗೆದುಕೊಳ್ಳಿ. 8 ಪಂಜರ, ಪ್ರತಿ ಪಂಜರದಲ್ಲಿ 5 ಇಲಿ, ಒಟ್ಟು 40. ಈ 40 ಇಲಿಗಳು ಮೂರು ಬೇರೆ ಬೇರೆ ಪ್ರಯೋಗಗಳಾಗಬಹುದು.

ಔಷಧಿಯನ್ನು ಕುಡಿಯುವ ನೀರಿನಲ್ಲಿ ಬೆರೆಸಿದಿರಿ ಎಂದುಕೊಳ್ಳಿ. ಒಂದು ಪಂಜರದ ಐದೂ ಇಲಿಗಳು ಅದೇ ಬಾಟಲಿಯ ನೀರು ಕುಡಿಯುತ್ತವೆ. ಘಟಕ ಪಂಜರ. ಗುಂಪಿಗೆ 4 ಘಟಕ, 20 ಅಲ್ಲ.

ಔಷಧಿಯನ್ನು ಒಂದೊಂದು ಇಲಿಗೂ ಇಂಜೆಕ್ಷನ್ ಮಾಡಿದಿರಿ, ಪ್ರತಿ ಪಂಜರದಲ್ಲೂ ಕೆಲವಕ್ಕೆ ಔಷಧಿ, ಕೆಲವಕ್ಕೆ ಬರೀ ಸಲೈನ್. ಈಗ ಘಟಕ ಇಲಿ, ಪಂಜರ ಬ್ಲಾಕ್ (ಆದಷ್ಟು ಒಂದೇ ಥರದ ಘಟಕಗಳ ಗುಂಪು). ಅದೇ 40 ಇಲಿಗಳಿಂದ ಸಿಗುವ ಮಾಹಿತಿ ಎಷ್ಟೋ ಪಾಲು ಹೆಚ್ಚಾಯಿತು.

ಮೂರನೆಯದು, ಔಷಧಿ ಕೊಟ್ಟಿದ್ದು ಬಸುರಿ ಇಲಿಗೆ, ಅಳೆದಿದ್ದು ಮರಿಗಳ ತೂಕ. ಘಟಕ ತಾಯಿ. ಒಂದು ಸೂಲಿನಲ್ಲಿ 10 ಮರಿ ಹುಟ್ಟಿದರೂ ಎಣಿಕೆಗೆ ಒಂದೇ.

"ಒಂದೇ ಪಂಜರದ ಇಲಿಗಳು ಅಷ್ಟೇನೂ ಒಂದೇ ಥರ ಇರುವುದಿಲ್ಲ ಬಿಡಿ" ಎಂದು ಕೆಲವರು ವಾದ ಮಾಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದೇ ಪಂಜರದ ಇಲಿಗಳ ನಡುವಿನ ಹೋಲಿಕೆ, ಅಂದರೆ ಇಂಟ್ರಾಕ್ಲಾಸ್ ಕೋರಿಲೇಶನ್, 0.3 ಎಂದುಕೊಳ್ಳಿ. ಆಗ ಡಿಸೈನ್ ಇಫೆಕ್ಟ್ 1 + (5 − 1) × 0.3 = 2.2. ಗುಂಪಿನ 20 ಇಲಿಗಳನ್ನು 2.2ರಿಂದ ಭಾಗಿಸಿದರೆ ಸುಮಾರು 9. ಅಂದರೆ 20 ಇಲಿಗಳು 9 ಇಲಿಗಳಷ್ಟೇ ಮಾಹಿತಿ ಕೊಡುತ್ತಿವೆ. ಅವನ್ನು 20 ಎಂದು ಸಾಫ್ಟ್‌ವೇರ್‌ಗೆ ಕೊಟ್ಟರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ.

ಈ ತಪ್ಪಿಗೆ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಸೂಡೋರೆಪ್ಲಿಕೇಶನ್ ಎಂದು ಹೆಸರಿಟ್ಟರು. ಅವರು ಅಚ್ಚಾಗಿದ್ದ 176 ಪ್ರಯೋಗಗಳನ್ನು ಪರಿಶೀಲಿಸಿದರು. ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದ್ದವುಗಳಲ್ಲಿ 48% ಪ್ರಯೋಗಗಳಲ್ಲಿ ಈ ತಪ್ಪಿತ್ತು. ಅವೆಲ್ಲ ವಿಮರ್ಶಕರ ಕಣ್ಣು ದಾಟಿ ಅಚ್ಚಾಗಿದ್ದ ಪ್ರಯೋಗಗಳು ಎನ್ನುವುದನ್ನು ಮರೆಯಬೇಡಿ.

ಎಲ್ಲಕ್ಕಿಂತ ಕಣ್ಣು ತಪ್ಪಿಸುವುದು ಇನ್‌ಕ್ಯುಬೇಟರ್. ಬೀಜ ಮೊಳೆಯುವುದರ ಮೇಲೆ ತಾಪಮಾನದ ಪರಿಣಾಮ ನೋಡಬೇಕು. 20 ಡಿಗ್ರಿಗೆ ಒಂದು ಇನ್‌ಕ್ಯುಬೇಟರ್, 30 ಡಿಗ್ರಿಗೆ ಇನ್ನೊಂದು, ಎರಡರಲ್ಲೂ ಹತ್ತು ಹತ್ತು ಪೆಟ್ರಿ ಡಿಶ್. ರೆಪ್ಲಿಕೇಶನ್ ಎಷ್ಟು? ಒಂದು. ತಾಪಮಾನ ಕೊಟ್ಟಿದ್ದು ಇನ್‌ಕ್ಯುಬೇಟರ್‌ಗೆ, ಡಿಶ್‌ಗೆ ಅಲ್ಲ. ಎರಡನೆಯ ಇನ್‌ಕ್ಯುಬೇಟರ್‌ನಲ್ಲಿ ತೇವ ಕಡಿಮೆ ಇದ್ದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಅದರ ಪರಿಣಾಮವೂ ತಾಪಮಾನದ ಲೆಕ್ಕಕ್ಕೇ ಹೋಗುತ್ತದೆ. ಹಾಗೆಂದು ಎಂಟು ಇನ್‌ಕ್ಯುಬೇಟರ್ ಕೊಳ್ಳಬೇಕಾಗಿಲ್ಲ. ಪ್ರಯೋಗವನ್ನು ನಾಲ್ಕೈದು ಸಲ ಹೊಸ ಬೀಜದೊಂದಿಗೆ ಮಾಡಿ, ಯಾವ ಪೆಟ್ಟಿಗೆಗೆ ಯಾವ ತಾಪಮಾನ ಎನ್ನುವುದನ್ನು ಪ್ರತಿ ಸಲ ಬದಲಾಯಿಸಿ. ಆಗ ಪ್ರತಿ ಸುತ್ತು ಒಂದು ಬ್ಲಾಕ್ ಆಗುತ್ತದೆ.

ಸೆಲ್ ಕಲ್ಚರ್‌ನಲ್ಲೂ ಇದೇ ಕಥೆ. ಒಂದೇ ಫ್ಲಾಸ್ಕ್‌ನ ಜೀವಕೋಶಗಳನ್ನು ಒಂದೇ ದಿನ ಮೂರು ವೆಲ್‌ಗೆ ಹಾಕಿದರೆ ಅದು ಟೆಕ್ನಿಕಲ್ ರೆಪ್ಲಿಕೇಟ್. ನಿಮ್ಮ ಪಿಪೆಟಿಂಗ್ ಎಷ್ಟು ಚೆನ್ನಾಗಿದೆ ಎಂದಷ್ಟೇ ಅದು ಹೇಳುತ್ತದೆ. ಬೇರೆ ಬೇರೆ ದಿನ, ಬೇರೆ ಪ್ಯಾಸೇಜ್‌ನಿಂದ ಮೊದಲಿನಿಂದ ಮಾಡಿದ್ದು, ಅಥವಾ ಬೇರೆ ವ್ಯಕ್ತಿಗಳಿಂದ ಪಡೆದ ಜೀವಕೋಶ ಲೆಕ್ಕಕ್ಕೆ ಬರುತ್ತದೆ.

ಪರಿಸರ ಅಧ್ಯಯನದವರಿಗೆ ಒಂದು ಎಚ್ಚರಿಕೆ. ಕೊಡಗಿನಲ್ಲಿ ಮರದ ನೆರಳಿರುವ 3 ಕಾಫಿ ತೋಟ, ನೆರಳು ಕಡಿಮೆ ಇರುವ 3 ತೋಟ, ಪ್ರತಿ ತೋಟದಲ್ಲಿ ನೆಲದ ಕೀಟ ಹಿಡಿಯಲು 10 ಟ್ರ್ಯಾಪ್. ಘಟಕ ತೋಟವೇ, ಪ್ರತಿ ಬದಿಗೆ 3. ಅದರ ಮೇಲೆ, ನೆರಳನ್ನು ನೀವು ಹಂಚಿದ್ದಲ್ಲ, ಮಾಲೀಕರು ಮೊದಲೇ ಮಾಡಿಟ್ಟಿದ್ದು. ನೆರಳಿನ ತೋಟದಲ್ಲಿ ಕೀಟನಾಶಕವೂ ಕಡಿಮೆ ಇರಬಹುದು. ಇದು ಸಮೀಕ್ಷೆ, ಪ್ರಯೋಗ ಅಲ್ಲ. ಸಮೀಕ್ಷೆ ಮಾಡುವುದರಲ್ಲಿ ತಪ್ಪೇನೂ ಇಲ್ಲ, ಆದರೆ "ನೆರಳಿನಿಂದಲೇ ಹೀಗಾಯಿತು" ಎಂದು ಬರೆಯುವಂತಿಲ್ಲ.

ಹಂತ 3: ಘಟಕಗಳು ಒಂದೇ ಥರ ಇವೆಯೇ?

ಇವೆ ಎಂದಾದರೆ ಸಿಆರ್‌ಡಿ, ಅಂದರೆ ಎಲ್ಲ ಘಟಕಗಳನ್ನೂ ಒಟ್ಟಿಗೆ ಹಾಕಿ ಚೀಟಿ ಎತ್ತುವುದು. ಗ್ರೋತ್ ಚೇಂಬರ್‌ನ ಒಂದೇ ಶೆಲ್ಫ್, ಒಂದೇ ಬ್ಯಾಚಿನ ಟೆಸ್ಟ್ ಟ್ಯೂಬು, ಇಂಥ ಕಡೆ ಸರಿ.

ಆದರೆ ಜೀವಶಾಸ್ತ್ರದಲ್ಲಿ "ಒಂದೇ ಥರ" ಎನ್ನುವುದು ಅಪರೂಪ. ಫ್ಯಾನ್ ಮತ್ತು ಪ್ಯಾಡ್ ಇರುವ ಪಾಲಿಹೌಸಿಗೆ ಹೋಗಿ ನಿಲ್ಲಿ. ಪ್ಯಾಡ್ ಕಡೆ ತಂಪು, ತೇವ. ಫ್ಯಾನ್ ಕಡೆ ಬಿಸಿ. ಹೊಲದಲ್ಲಿ ಇಳಿಜಾರಿನ ಮೇಲ್ಭಾಗ ಕಲ್ಲು ಮಣ್ಣು, ಕೆಳಗೆ ಮೆಕ್ಕಲು. 96 ವೆಲ್ ಪ್ಲೇಟಿನಲ್ಲಿ ಅಂಚಿನ ವೆಲ್‌ಗಳು ಬೇಗ ಆವಿಯಾಗುತ್ತವೆ. ಇಂಥ ಏರುಪೇರು ನಿಮಗೆ ಮೊದಲೇ ಗೊತ್ತಿದ್ದರೆ ಅದನ್ನು ಬ್ಲಾಕ್ ಮಾಡಿ. ಇದೇ ಆರ್‌ಸಿಬಿಡಿ. ಒಂದು ಬ್ಲಾಕಿನ ಒಳಗೆ ಘಟಕಗಳು ಆದಷ್ಟು ಒಂದೇ ಥರ, ಬ್ಲಾಕು ಬ್ಲಾಕಿನ ನಡುವೆ ಎಷ್ಟು ವ್ಯತ್ಯಾಸ ಇದ್ದರೂ ಚಿಂತೆ ಇಲ್ಲ. ಪ್ರತಿ ಬ್ಲಾಕಿನಲ್ಲೂ ಎಲ್ಲ ಟ್ರೀಟ್‌ಮೆಂಟ್ ಒಂದೊಂದು ಸಲ ಬರಬೇಕು.

ಬ್ಲಾಕ್ ಹಾಕುವ ದಿಕ್ಕಿನಲ್ಲಿ ತುಂಬಾ ಜನ ಎಡವುತ್ತಾರೆ. ಇಳಿಜಾರು ಪೂರ್ವದಿಂದ ಪಶ್ಚಿಮಕ್ಕೆ ಇದ್ದರೆ ಬ್ಲಾಕ್ ಉತ್ತರ ದಕ್ಷಿಣವಾಗಿ, ಇಳಿಜಾರಿಗೆ ಅಡ್ಡಲಾಗಿ ಇರಬೇಕು. ಬ್ಲಾಕಿನ ಒಳಗಿನ ಎಲ್ಲ ತಾಕುಗಳೂ ಒಂದೇ ಎತ್ತರದಲ್ಲಿ ಬರಬೇಕು. ಉಲ್ಟಾ ಹಾಕಿದರೆ ಪ್ರತಿ ಬ್ಲಾಕಿನ ಒಳಗೂ ಒಳ್ಳೆಯ ಮಣ್ಣು ಮತ್ತು ಕೆಟ್ಟ ಮಣ್ಣು ಎರಡೂ ಸೇರಿ, ಬ್ಲಾಕ್ ಹಾಕಿಯೂ ಹಾಕದಂತೆ ಆಗುತ್ತದೆ. ಜಮೀನಿನ ಆಕಾರಕ್ಕೆ ಸರಿಹೊಂದಲಿ ಎಂದು ಸುಮ್ನೆ ನಾಲ್ಕು ಪಟ್ಟಿ ಎಳೆಯುವುದು ಬ್ಲಾಕಿಂಗ್ ಅಲ್ಲ. ಹೊಲ ನೋಡಿ, ಹಿಂದಿನ ಬೆಳೆ ಏನಿತ್ತು ಎಂದು ಅಲ್ಲಿನ ಕೆಲಸದವರನ್ನು ಕೇಳಿ, ಆಮೇಲೆ ಹಗ್ಗ ಎಳೆಯಿರಿ.

ಬ್ಲಾಕ್ ಎಂದರೆ ಜಾಗವೇ ಆಗಬೇಕಿಲ್ಲ. ದಿನ, ಬ್ಯಾಚ್, ಅಳತೆ ಮಾಡುವ ವ್ಯಕ್ತಿ, ಇಲಿಯ ಸೂಲು, ಎಲ್ಲವೂ ಬ್ಲಾಕ್ ಆಗಬಹುದು.

ಏರುಪೇರು ಎರಡು ದಿಕ್ಕಿನಲ್ಲಿ ಇದ್ದರೆ ಲ್ಯಾಟಿನ್ ಸ್ಕ್ವೇರ್. ಪ್ರತಿ ಟ್ರೀಟ್‌ಮೆಂಟ್ ಪ್ರತಿ ಸಾಲಿನಲ್ಲಿ ಒಂದು ಸಲ, ಪ್ರತಿ ಕಂಬಸಾಲಿನಲ್ಲಿ ಒಂದು ಸಲ. ನೋಡಲು ಚೆಂದ, ಆದರೆ 4×4 ಚೌಕದಲ್ಲಿ ಎರರ್‌ಗೆ ಉಳಿಯುವ ಡಿಗ್ರೀಸ್ ಆಫ್ ಫ್ರೀಡಮ್ ಬರೀ 6. (ಎರರ್ ಎಂದರೆ ಟ್ರೀಟ್‌ಮೆಂಟ್, ಬ್ಲಾಕ್ ಯಾವುದರ ಲೆಕ್ಕಕ್ಕೂ ಸೇರದೆ ಉಳಿದ ಏರುಪೇರು; ಡಿಗ್ರೀಸ್ ಆಫ್ ಫ್ರೀಡಮ್ ಎಂದರೆ ಅದನ್ನು ಅಂದಾಜು ಮಾಡಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ.) 8×8ಕ್ಕೆ ಹೋದರೆ 64 ತಾಕು ಬೇಕು. ಹಾಗಾಗಿ 5ರಿಂದ 8 ಟ್ರೀಟ್‌ಮೆಂಟ್ ಇರುವಾಗ ಮಾತ್ರ ಇದರ ಯೋಚನೆ ಮಾಡಿ.

ಹಂತ 4: ಅಂಶಗಳು ಎಷ್ಟು? ಎಲ್ಲವನ್ನೂ ಒಂದೇ ಘಟಕಕ್ಕೆ ಕೊಡುತ್ತೀರಾ?

ತಳಿ ಮತ್ತು ನೀರು, ಎರಡೂ ನೋಡಬೇಕು ಎಂದಾಗ ಎರಡು ಬೇರೆ ಪ್ರಯೋಗ ಮಾಡಬೇಡಿ. ಎಲ್ಲ ಜೋಡಿಗಳನ್ನೂ ಸೇರಿಸಿ ಫ್ಯಾಕ್ಟೋರಿಯಲ್ ಮಾಡಿ. ನೀರು ಕೊಟ್ಟರೆ ಒಂದು ತಳಿ ಏರಿ ಇನ್ನೊಂದು ಏರದೆ ಇರಬಹುದು. ಈ ಇಂಟರಾಕ್ಷನ್ ಕಾಣುವುದು ಫ್ಯಾಕ್ಟೋರಿಯಲ್‌ನಲ್ಲಿ ಮಾತ್ರ. ಎಷ್ಟೋ ಸಲ ನಿಜವಾದ ಪ್ರಶ್ನೆ ಅದೇ ಆಗಿರುತ್ತದೆ.

ಗಮನಿಸಿ, ಫ್ಯಾಕ್ಟೋರಿಯಲ್ ಎನ್ನುವುದು ಟ್ರೀಟ್‌ಮೆಂಟ್‌ಗಳ ಜೋಡಣೆ. ಸಿಆರ್‌ಡಿ, ಆರ್‌ಸಿಬಿಡಿ ಎನ್ನುವುದು ಘಟಕಗಳ ಜೋಡಣೆ. "ನನ್ನದು ಆರ್‌ಸಿಬಿಡಿಯಾ, ಫ್ಯಾಕ್ಟೋರಿಯಲ್ಲಾ?" ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎರಡೂ ಆಗಿರಬಹುದು.

ಈಗ ಕೇಳಬೇಕಾದ ಪ್ರಶ್ನೆ: ಎರಡೂ ಅಂಶಗಳನ್ನು ಒಂದೇ ಗಾತ್ರದ ತಾಕಿಗೆ ಹಂಚಿದಿರಾ? ನೀರನ್ನು ಚಿಕ್ಕ ತಾಕಿಗೆ ಬಿಡುವುದು ಕಷ್ಟ, ಪಕ್ಕಕ್ಕೆ ಹರಿಯುತ್ತದೆ. ಹಾಗಾಗಿ ದೊಡ್ಡ ತಾಕಿಗೆ ಒಂದು ಮಟ್ಟದ ನೀರು, ಅದರೊಳಗೆ ಚಿಕ್ಕ ತಾಕುಗಳಲ್ಲಿ ಬೇರೆ ಬೇರೆ ತಳಿ. ಇಲ್ಲಿ ಘಟಕ ಒಂದಲ್ಲ, ಎರಡು. ನೀರಿಗೆ ದೊಡ್ಡ ತಾಕು, ತಳಿಗೆ ಚಿಕ್ಕ ತಾಕು. ಇದೇ ಸ್ಪ್ಲಿಟ್ ಪ್ಲಾಟ್.

ಲೆಕ್ಕ ಬರೆಯೋಣ. ಮೂರು ಮಟ್ಟದ ನೀರು, ನಾಲ್ಕು ತಳಿ (ಜಿಪಿಯು-28, ಎಂಎಲ್-365, ಎಂಆರ್-6, ಇಂಡಾಫ್-5 ಎನ್ನಿ), ನಾಲ್ಕು ಬ್ಲಾಕ್. ಒಟ್ಟು 48 ತಾಕು, 47 ಡಿಗ್ರೀಸ್ ಆಫ್ ಫ್ರೀಡಮ್. ಅವು ಹಂಚಿಹೋಗುವುದು ಹೀಗೆ:

- ಬ್ಲಾಕ್: 3
- ನೀರು: 2
- ದೊಡ್ಡ ತಾಕಿನ ಎರರ್: 6
- ತಳಿ: 3
- ನೀರು × ತಳಿ: 6
- ಚಿಕ್ಕ ತಾಕಿನ ಎರರ್: 27

ಕೂಡಿಸಿ, 47 ಬರುತ್ತದೆ. ಇದೇ ಡೇಟಾವನ್ನು ಸಾದಾ ಫ್ಯಾಕ್ಟೋರಿಯಲ್ ಆರ್‌ಸಿಬಿಡಿ ಎಂದು ಸಾಫ್ಟ್‌ವೇರ್‌ಗೆ ಕೊಟ್ಟರೆ ಎರಡು ಎರರ್‌ಗಳೂ ಕೂಡಿ 33 ಆಗುತ್ತವೆ. ಆಗ 5% ಮಟ್ಟದಲ್ಲಿ ನೀರಿನ ಎಫ್ ಬೆಲೆ (ನೀರಿನಿಂದಾದ ಏರುಪೇರು ಎರರ್‌ನ ಎಷ್ಟು ಪಟ್ಟು ಎನ್ನುವ ಸಂಖ್ಯೆ) 3.28 ದಾಟಿದರೆ ಸಾಕು. ಸರಿಯಾದ ಲೆಕ್ಕದಲ್ಲಿ ಅದು 5.14 ದಾಟಬೇಕು. ಸಾಲದ್ದಕ್ಕೆ, ದೊಡ್ಡ ತಾಕುಗಳ ನಡುವಿನ ಏರುಪೇರು ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಅದೂ ಮುಚ್ಚಿಹೋಗುತ್ತದೆ. ನೀರಿನ ಪರಿಣಾಮ ಇಲ್ಲದೆಯೂ ಇದೆ ಎಂದು ಬರುವ ಸಾಧ್ಯತೆ ಹೆಚ್ಚುತ್ತದೆ.

ಇದರಲ್ಲಿ ಎಡವಿದವರಲ್ಲಿ ಆರ್. ಎ. ಫಿಶರ್ ಅವರೂ ಇದ್ದಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಅವರು 1923ರಲ್ಲಿ ಆಲೂಗಡ್ಡೆ ತಳಿ ಮತ್ತು ಗೊಬ್ಬರದ ಪ್ರಯೋಗವೊಂದರ ವಿಶ್ಲೇಷಣೆ ಪ್ರಕಟಿಸಿದರು. ಅದರಲ್ಲಿ ದೊಡ್ಡ ತಾಕು, ಚಿಕ್ಕ ತಾಕು ಎಂಬ ಭೇದ ಲೆಕ್ಕಕ್ಕೆ ಸೇರಿರಲಿಲ್ಲ. 1925ರಲ್ಲಿ ಅದನ್ನು ಅವರೇ ಸರಿಪಡಿಸಿದರು. ಅನೋವಾ ಕಂಡುಹಿಡಿದವರಿಗೇ ಹೀಗಾದ ಮೇಲೆ ನಾವು ಇನ್ನೊಮ್ಮೆ ನೋಡಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ.

ಯಾವುದನ್ನು ದೊಡ್ಡ ತಾಕಿಗೆ ಹಾಕಬೇಕು? ಅನುಕೂಲ ನೋಡಿದರೆ ನೀರು, ಉಳುಮೆ, ಬಿತ್ತನೆ ದಿನಾಂಕ. ಆದರೆ ನಿಮಗೆ ಮುಖ್ಯವಾದ ಅಂಶ ಚಿಕ್ಕ ತಾಕಿನಲ್ಲಿ ಇರಲಿ. ಅಲ್ಲಿ ಎರರ್ ಕಡಿಮೆ, ಡಿಗ್ರೀಸ್ ಆಫ್ ಫ್ರೀಡಮ್ ಜಾಸ್ತಿ.

ಸ್ಪ್ಲಿಟ್ ಪ್ಲಾಟ್ ಹೊಲದಲ್ಲಷ್ಟೇ ಸಿಗುತ್ತದೆ ಎಂದುಕೊಳ್ಳಬೇಡಿ. ಅಕ್ವೇರಿಯಂ ಟ್ಯಾಂಕಿಗೆ ತಾಪಮಾನ, ಅದರೊಳಗೆ ಬಲೆ ಪಂಜರಗಳಲ್ಲಿ ಬೇರೆ ಬೇರೆ ಮೀನು ಆಹಾರ. ಚೇಂಬರ್‌ಗೆ ಕಾರ್ಬನ್ ಡೈಆಕ್ಸೈಡ್ ಮಟ್ಟ, ಅದರೊಳಗಿನ ಕುಂಡಗಳಿಗೆ ಗೊಬ್ಬರ. ಎಲ್ಲವೂ ಅದೇ. ಲ್ಯಾಬ್‌ನಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಹಾಗಾಗಿ ಎಷ್ಟೋ ಸಲ ಟೂ-ವೇ ಅನೋವಾ ಎಂದು ಅಚ್ಚಾಗುತ್ತದೆ.

ಹಂತ 5: ಒಂದೇ ಘಟಕವನ್ನು ಮತ್ತೆ ಮತ್ತೆ ಅಳೆಯುತ್ತೀರಾ?

ನಾಟಿಯಾದ 30, 60, 90ನೇ ದಿನ ಅದೇ ಗಿಡದ ಎತ್ತರ ಅಳೆದರೆ ಅದು ರಿಪೀಟೆಡ್ ಮೆಷರ್ಸ್. ಕಾಲವನ್ನು ಚೀಟಿ ಎತ್ತಿ ಹಂಚಲು ಆಗುವುದಿಲ್ಲ. 60ನೇ ದಿನದ ರೀಡಿಂಗ್ 30ನೇ ದಿನದ್ದಕ್ಕೂ 90ನೇ ದಿನದ್ದಕ್ಕೂ ಸಂಬಂಧವಿಲ್ಲದ್ದೇನೂ ಅಲ್ಲ, ಅಕ್ಕಪಕ್ಕದ ದಿನಗಳ ರೀಡಿಂಗ್ ಹತ್ತಿರ ಹತ್ತಿರ ಇರುತ್ತವೆ. ಕಾಲವನ್ನೇ ಚಿಕ್ಕ ತಾಕು ಎಂದುಕೊಂಡು ಸ್ಪ್ಲಿಟ್ ಪ್ಲಾಟ್ ಹಾಕುವ ಹಳೆಯ ರೂಢಿ ಈ ಸಂಗತಿಯನ್ನು ಮರೆಯುತ್ತದೆ. ಮಿಕ್ಸೆಡ್ ಮಾಡೆಲ್ (ಒಂದೇ ಘಟಕದ ರೀಡಿಂಗ್‌ಗಳ ನಡುವಿನ ಸಂಬಂಧವನ್ನೂ ಲೆಕ್ಕಕ್ಕೆ ಹಿಡಿಯುವ ಮಾಡೆಲ್) ಬಳಸಿದರೆ ಇದನ್ನು ಸರಿಯಾಗಿ ಹೇಳಬಹುದು.

ಅದು ಕಷ್ಟ ಎನಿಸಿದರೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಪ್ರತಿ ಘಟಕದ ಎಲ್ಲ ರೀಡಿಂಗ್‌ಗಳನ್ನೂ ಒಂದು ಅರ್ಥಪೂರ್ಣ ಸಂಖ್ಯೆಗೆ ಇಳಿಸಿ. ಬೆಳವಣಿಗೆಯ ವೇಗ, ಅಥವಾ ರೋಗ ಏರುವ ರೇಖೆಯ ಕೆಳಗಿನ ವಿಸ್ತೀರ್ಣ. ಆಮೇಲೆ ಆ ಒಂದು ಸಂಖ್ಯೆಗೆ ಸಾದಾ ಅನೋವಾ. ಬೆಂಕಿ ರೋಗದ ಪ್ರಯೋಗಗಳಲ್ಲಿ ಸಸ್ಯರೋಗ ತಜ್ಞರು ಎಯುಡಿಪಿಸಿ ಎಂದು ಲೆಕ್ಕ ಹಾಕುವುದು ಇದನ್ನೇ.

ಒಂದೇ ಪ್ರಾಣಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಟ್ರೀಟ್‌ಮೆಂಟ್ ಕೊಟ್ಟರೆ ಅದು ಕ್ರಾಸ್‌ಓವರ್. ನಾಲ್ಕು ಹಸು, ನಾಲ್ಕು ಬಗೆಯ ಮೇವು, ನಾಲ್ಕು ಅವಧಿ. ಹಸು ಒಂದು ದಿಕ್ಕು, ಅವಧಿ ಇನ್ನೊಂದು ದಿಕ್ಕು, ಅಲ್ಲಿಗೆ ಲ್ಯಾಟಿನ್ ಸ್ಕ್ವೇರ್ ಆಯಿತು. ಕರು ಹಾಕಿದ ಮೇಲೆ ದಿನ ಕಳೆದಂತೆ ಹಾಲು ಇಳಿಯುತ್ತದೆ, ಹಾಗಾಗಿ ಅವಧಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹಿಂದಿನ ಮೇವಿನ ಪರಿಣಾಮ ಮುಂದಿನ ಅವಧಿಗೂ ಬರಬಹುದು. ಅದಕ್ಕೆ ಪ್ರತಿ ಅವಧಿಯ ಮೊದಲ ಕೆಲವು ದಿನದ ಹಾಲನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಪ್ರತಿ ಮೇವು ಮಿಕ್ಕ ಪ್ರತಿಯೊಂದರ ನಂತರ ಸಮವಾಗಿ ಬರುವಂತೆ ಜೋಡಿಸಿದರೆ ಅದು ವಿಲಿಯಮ್ಸ್ ಡಿಸೈನ್. ಎರರ್‌ಗೆ ಬರೀ 6 ಉಳಿಯುವುದರಿಂದ ಎರಡು ಚೌಕ, ಅಂದರೆ ಎಂಟು ಹಸು ಇದ್ದರೆ ವಾಸಿ. ಪರಿಣಾಮ ಮರಳದಂಥ ಟ್ರೀಟ್‌ಮೆಂಟ್‌ಗೆ, ಉದಾಹರಣೆಗೆ ಲಸಿಕೆಗೆ, ಕ್ರಾಸ್‌ಓವರ್ ಯೋಚನೆಯೇ ಬೇಡ.

ಹಂತ 6: ಟ್ರೀಟ್‌ಮೆಂಟ್ ತುಂಬಾ ಇದ್ದರೆ

60 ತಳಿ ಹೋಲಿಸಬೇಕು ಎಂದರೆ ಒಂದು ಬ್ಲಾಕಿಗೆ 60 ತಾಕು ಬೇಕು. ಅಷ್ಟು ದೊಡ್ಡ ಬ್ಲಾಕಿನ ಒಳಗೆ ಮಣ್ಣು ಒಂದೇ ಥರ ಇರುವುದಿಲ್ಲ. ಆಗ ಚಿಕ್ಕ, ಅಪೂರ್ಣ ಬ್ಲಾಕ್‌ಗಳ ಡಿಸೈನ್ ಬೇಕು. ತಳಿ ಪರೀಕ್ಷೆಗಳಲ್ಲಿ ಆಲ್ಫಾ ಲ್ಯಾಟಿಸ್ ಜಾಸ್ತಿ ಬಳಕೆಯಲ್ಲಿದೆ. ಬೀಜವೇ ಒಂದು ಹಿಡಿ ಇದ್ದು ರೆಪ್ಲಿಕೇಶನ್ ಸಾಧ್ಯವಿಲ್ಲ ಎಂದರೆ ಆಗ್‌ಮೆಂಟೆಡ್ ಡಿಸೈನ್. ಹೊಸ ತಳಿಗಳು ಒಂದೊಂದು ಸಲ, ಗೊತ್ತಿರುವ ಚೆಕ್ ತಳಿಗಳು ಪ್ರತಿ ಬ್ಲಾಕಿನಲ್ಲೂ. ವಾಲ್ಟರ್ ಫೆಡರರ್ 1956ರಲ್ಲಿ ಕೊಟ್ಟ ಉಪಾಯ ಇದು.

ಅಂಶಗಳೇ ಏಳೆಂಟು ಇದ್ದರೆ, ಉದಾಹರಣೆಗೆ ಟಿಶ್ಯೂ ಕಲ್ಚರ್ ಮಾಧ್ಯಮ ಸರಿಪಡಿಸುವಾಗ, ಎಲ್ಲ ಜೋಡಿ ಮಾಡಲು ಆಗುವುದಿಲ್ಲ. ಎರಡೆರಡು ಮಟ್ಟದ 7 ಅಂಶಕ್ಕೇ 128 ಜೋಡಿ. ಆರಿಸಿದ ಕೆಲವೇ ಜೋಡಿಗಳಿಂದ ಮುಖ್ಯ ಪರಿಣಾಮ ಅಂದಾಜು ಮಾಡುವ ಆರ್ಥೊಗೊನಲ್ ಅರೇ ಇಲ್ಲಿ ನೆರವಿಗೆ ಬರುತ್ತದೆ. 1940ರ ದಶಕದಲ್ಲಿ ಇದನ್ನು ರೂಪಿಸಿದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಆದರೆ ಇಂಟರಾಕ್ಷನ್ ಬಗ್ಗೆ ಇದು ಹೆಚ್ಚೇನೂ ಹೇಳುವುದಿಲ್ಲ. ಮೊದಲ ಜರಡಿಗೆ ಬಳಸಿ, ಕೊನೆಯ ಉತ್ತರಕ್ಕೆ ಅಲ್ಲ.

ಹಂತ 7: ಖಾಲಿ ಅನೋವಾ ಟೇಬಲ್ ಬರೆಯಿರಿ

ಪ್ರಯೋಗಕ್ಕೆ ಮುಂಚೆ, ಸಂಖ್ಯೆ ಒಂದೂ ಇಲ್ಲದೆ, ಮೇಲೆ ಸ್ಪ್ಲಿಟ್ ಪ್ಲಾಟ್‌ಗೆ ಮಾಡಿದಂತೆ ಡಿಗ್ರೀಸ್ ಆಫ್ ಫ್ರೀಡಮ್ ಪಟ್ಟಿ ಬರೆಯಿರಿ. ಯಾವ ಟ್ರೀಟ್‌ಮೆಂಟ್ ಯಾವ ಎರರ್ ಎದುರು ಪರೀಕ್ಷೆ ಆಗುತ್ತದೆ ಎಂದು ಗೆರೆ ಎಳೆದು ತೋರಿಸಿ. ಒಟ್ಟು ಸರಿಹೋಗದಿದ್ದರೆ, ಅಥವಾ ಎಲ್ಲೋ ಎರರ್ ಸೊನ್ನೆ ಬಂದರೆ, ಘಟಕವನ್ನು ತಪ್ಪಾಗಿ ಗುರುತಿಸಿದ್ದೀರಿ ಎಂದರ್ಥ. ಒಂದೊಂದೇ ಇನ್‌ಕ್ಯುಬೇಟರ್ ಇಟ್ಟ ಪ್ರಯೋಗದಲ್ಲಿ ಬರುವುದು ಈ ಸೊನ್ನೆಯೇ.

ಎರರ್‌ಗೆ ಕನಿಷ್ಠ 12 ಇರಲಿ ಎಂದು ಕೃಷಿ ಕಾಲೇಜುಗಳಲ್ಲಿ ಹೇಳಿಕೊಡುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ. 5% ಮಟ್ಟದ ಟಿ ಬೆಲೆ (ಎರಡು ಸರಾಸರಿಗಳ ವ್ಯತ್ಯಾಸ ನಿಜ ಎನ್ನಲು ದಾಟಬೇಕಾದ ಗಡಿ) ನೋಡಿ: ಡಿಗ್ರೀಸ್ ಆಫ್ ಫ್ರೀಡಮ್ 4 ಇದ್ದರೆ 2.78, 12 ಇದ್ದರೆ 2.18, 20 ಇದ್ದರೆ 2.09. ನಾಲ್ಕರಿಂದ ಹನ್ನೆರಡಕ್ಕೆ ಹೋದಾಗ ಲಾಭ ದೊಡ್ಡದು, ಆಮೇಲೆ ಅಷ್ಟಿಲ್ಲ. ಆರ್‌ಸಿಬಿಡಿಯಲ್ಲಿ 4 ಟ್ರೀಟ್‌ಮೆಂಟ್‌ಗೆ 5 ಬ್ಲಾಕ್ ಹಾಕಿದರೆ 3 × 4 = 12 ಬರುತ್ತದೆ. ಮೂರೇ ಬ್ಲಾಕ್ ಹಾಕಿದರೆ 6.

ಹಂತ 8: ರೆಪ್ಲಿಕೇಶನ್ ಎಷ್ಟು?

"ಎಲ್ಲರೂ ಮೂರು ಹಾಕುತ್ತಾರೆ" ಎನ್ನುವುದು ಕಾರಣವಲ್ಲ. ಎರಡು ಗುಂಪು ಹೋಲಿಸಲು ಒಂದು ಒರಟು ಸೂತ್ರ ಇದೆ: ಗುಂಪಿಗೆ ಬೇಕಾದ ಘಟಕಗಳು = 16 × (ಏರುಪೇರು ÷ ಪತ್ತೆಯಾಗಬೇಕಾದ ವ್ಯತ್ಯಾಸ)ದ ವರ್ಗ. ಇದು 5% ಮಟ್ಟ ಮತ್ತು, ವ್ಯತ್ಯಾಸ ಇದ್ದರೆ ನೂರಕ್ಕೆ 80 ಸಲ ಪತ್ತೆಯಾಗುವ, 80% ಪವರ್‌ಗೆ.

ಒಂದು ಹೊಲದ ಸಿವಿ (ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸರಾಸರಿಯ ಶೇಕಡಾ ಎಷ್ಟು ಎನ್ನುವುದು) 12% ಇದೆ, 15% ವ್ಯತ್ಯಾಸ ಪತ್ತೆಯಾಗಬೇಕು ಎಂದುಕೊಳ್ಳಿ. 16 × (12 ÷ 15)ದ ವರ್ಗ = 10.24, ಅಂದರೆ 11. ಒಳ್ಳೆಯ ಬ್ಲಾಕಿಂಗ್‌ನಿಂದ ಎರರ್ ಸಿವಿ 8%ಗೆ ಇಳಿದರೆ ಅದೇ ಲೆಕ್ಕ 4.55, ಅಂದರೆ 5. ಡಿಗ್ರೀಸ್ ಆಫ್ ಫ್ರೀಡಮ್ ಕಡಿಮೆ ಇರುವುದರಿಂದ ಒಂದು ಸೇರಿಸಿ 6 ಮಾಡಿ. ಬ್ಲಾಕಿಗಾಗಿ ಹಗ್ಗ ಸರಿಯಾಗಿ ಎಳೆದಿದ್ದಕ್ಕೆ ಅರ್ಧದಷ್ಟು ಹೊಲ ಉಳಿಯಿತು. ಸಿವಿ ಎಷ್ಟು ಎಂದು ಎಲ್ಲಿಂದ ತಿಳಿಯುವುದು? ನಿಮ್ಮದೇ ವಿಭಾಗದ ಹಳೆಯ ಥೀಸಿಸ್‌ಗಳ ಟೇಬಲ್ ಕೆಳಗೆ ಬರೆದಿರುತ್ತಾರೆ.

ಘಟಕ ಹೆಚ್ಚಿಸುವುದೋ, ಒಂದು ಘಟಕದಿಂದ ಹೆಚ್ಚು ಮಾದರಿ ತೆಗೆಯುವುದೋ? ಕುಂಡಗಳ ನಡುವಿನ ವೇರಿಯನ್ಸ್ 4, ಒಂದೇ ಕುಂಡದ ಎಲೆಗಳ ನಡುವೆಯೂ 4 ಎಂದುಕೊಳ್ಳಿ. 4 ಕುಂಡ, ತಲಾ 10 ಎಲೆ: ಸರಾಸರಿಯ ವೇರಿಯನ್ಸ್ 1.1. 8 ಕುಂಡ, ತಲಾ 5 ಎಲೆ: 0.6. ಎರಡರಲ್ಲೂ ಅಳೆಯುವುದು 40 ಎಲೆಯೇ. ಕುಂಡಕ್ಕೆ ದುಡ್ಡು ಹಾಕಿ.

ಹಂತ 9: ಚೀಟಿ ಎತ್ತಿ, ನಿಜವಾಗಿ ಎತ್ತಿ

ಮನಸ್ಸಿಗೆ ಬಂದಂತೆ ಹಂಚುವುದು ರ್ಯಾಂಡಮ್ ಅಲ್ಲ. ಕೈಗೆ ಮೊದಲು ಸಿಗುವ ಇಲಿ ಸಾಮಾನ್ಯವಾಗಿ ಮಂಕಾಗಿರುವ ಇಲಿ. ಎಕ್ಸೆಲ್‌ನ ರ್ಯಾಂಡ್ ಫಂಕ್ಷನ್, ಚೀಟಿ, ಯಾವುದಾದರೂ ಸರಿ. ಆರ್‌ಸಿಬಿಡಿಯಲ್ಲಿ ಪ್ರತಿ ಬ್ಲಾಕಿಗೂ ಹೊಸದಾಗಿ ಎತ್ತಿ. ಮೊದಲ ಬ್ಲಾಕಿನ ಕ್ರಮವನ್ನೇ ಎಲ್ಲ ಕಡೆ ನಕಲು ಮಾಡಬೇಡಿ. ಸ್ಪ್ಲಿಟ್ ಪ್ಲಾಟ್‌ನಲ್ಲಿ ಎರಡು ಸಲ ಎತ್ತಬೇಕು, ದೊಡ್ಡ ತಾಕಿಗೊಮ್ಮೆ, ಅದರೊಳಗೆ ಇನ್ನೊಮ್ಮೆ.

ಅಳೆಯುವ ಕ್ರಮವನ್ನೂ ಹೀಗೇ ಮಾಡಿ. ಬೆಳಿಗ್ಗೆ ಕಂಟ್ರೋಲ್ ಎಲ್ಲ, ಮಧ್ಯಾಹ್ನ ಟ್ರೀಟ್‌ಮೆಂಟ್ ಎಲ್ಲ ಅಳೆದರೆ ಎಲೆಯ ಸ್ಟೊಮಾಟಾ ಬಗ್ಗೆ ನಿಮಗೆ ಸಿಗುವುದು ಬಿಸಿಲಿನ ಪರಿಣಾಮ. ರೋಗಕ್ಕೆ ಅಂಕ ಕೊಡುವಂಥ ಅಳತೆಯಾದರೆ, ಯಾವ ತಾಕು ಯಾವುದು ಎಂದು ಗೊತ್ತಿಲ್ಲದವರ ಕೈಯಲ್ಲಿ ಮಾಡಿಸಿ.

ಹಂತ 10: ಅಳತೆ ಯಾವ ಬಗೆಯದು?

ಡಿಸೈನ್ ಬೇರೆ, ಡೇಟಾದ ಬಗೆ ಬೇರೆ. ತೂಕ, ಎತ್ತರ, ಇಳುವರಿಗೆ ಸಾದಾ ಅನೋವಾ. ಕೀಟಗಳ ಎಣಿಕೆಗೆ ಪಾಯ್ಸಾನ್ ಅಥವಾ ನೆಗೆಟಿವ್ ಬೈನಾಮಿಯಲ್ ಮಾಡೆಲ್. ಮೊಳಕೆಯ ಶೇಕಡಾವಾರಿಗೆ ಬೈನಾಮಿಯಲ್. ಬೀಜ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮದಲ್ಲಿ 400 ಬೀಜವನ್ನು ನೂರರ ನಾಲ್ಕು ರೆಪ್ಲಿಕೇಟ್ ಮಾಡುತ್ತಾರೆ. ಗುಂಪಿನಲ್ಲಿ 4 ಸಂಖ್ಯೆ ಇವೆ, 400 ಅಲ್ಲ. ಮಾಡೆಲ್ ಯಾವುದೇ ಇರಲಿ, ಬ್ಲಾಕ್, ದೊಡ್ಡ ತಾಕು, ಪಂಜರ, ಎಲ್ಲವೂ ಅದರಲ್ಲಿ ಇರಬೇಕು. ಬ್ಲಾಕ್ ಸಿಗ್ನಿಫಿಕೆಂಟ್ ಬರಲಿಲ್ಲ ಎಂದು ಆಮೇಲೆ ಅದನ್ನು ಕಿತ್ತುಹಾಕಬೇಡಿ. ಚೀಟಿ ಎತ್ತಿದ್ದು ಬ್ಲಾಕಿನ ಒಳಗೆ, ಅದು ಬದಲಾಗುವುದಿಲ್ಲ.

ಸಾಫ್ಟ್‌ವೇರ್ ಯಾವುದಾದರೂ ಆಗುತ್ತದೆ. ಸ್ಪ್ಲಿಟ್ ಪ್ಲಾಟ್‌ವರೆಗೆ ಓಪಿಸ್ಟ್ಯಾಟ್ ಸಾಕು. ಮಿಕ್ಸೆಡ್ ಮಾಡೆಲ್‌ಗೆ ಆರ್ (R) ಎಂಬ ಸಾಫ್ಟ್‌ವೇರ್ ಕಲಿಯುವುದು ಒಳ್ಳೆಯದು, ದುಡ್ಡೂ ಬೇಡ.

ಪ್ರಯೋಗ ಆಗಲೇ ಮುಗಿದಿದ್ದರೆ

ಇದನ್ನು ಓದುವಷ್ಟರಲ್ಲಿ ನಿಮ್ಮ ಡೇಟಾ ಬಂದಾಗಿದೆ, ಗೈಡ್ ಮುಂದಿನ ವಾರ ಟೇಬಲ್ ಕೇಳುತ್ತಿದ್ದಾರೆ ಎಂದುಕೊಳ್ಳೋಣ. ಆಗಲೂ ಹಂತ 2ಕ್ಕೇ ಹೋಗಿ.

ಘಟಕ ಪಂಜರ, ಅಳೆದಿದ್ದು ಇಲಿ ಎಂದಾದರೆ, ಪ್ರತಿ ಪಂಜರದ ಸರಾಸರಿ ತೆಗೆಯಿರಿ, ಆ 8 ಸಂಖ್ಯೆಗಳಿಗೆ ಪರೀಕ್ಷೆ ಮಾಡಿ. ಎಲ್ಲ ಪಂಜರದಲ್ಲೂ ಇಲಿಗಳ ಸಂಖ್ಯೆ ಒಂದೇ ಇದ್ದರೆ ಮಿಕ್ಸೆಡ್ ಮಾಡೆಲ್ ಕೂಡ ಸಾಮಾನ್ಯವಾಗಿ ಇದೇ ಉತ್ತರ ಕೊಡುತ್ತದೆ. ಎಲೆ ಮತ್ತು ಕುಂಡ, ವೆಲ್ ಮತ್ತು ಫ್ಲಾಸ್ಕ್, ಟ್ರ್ಯಾಪ್ ಮತ್ತು ತೋಟ, ಎಲ್ಲಕ್ಕೂ ಹೀಗೇ ಮಾಡಬಹುದು. ಪಿ ಬೆಲೆ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ) ಏರುತ್ತದೆ, ಏರಲಿ ಬಿಡಿ. ಪರೀಕ್ಷಕರು ಕೇಳುವ ಮೊದಲೇ ನೀವೇ ಕಂಡುಕೊಂಡಿದ್ದು ಒಳ್ಳೆಯದಾಯಿತು.

ಇನ್‌ಕ್ಯುಬೇಟರ್ ಒಂದೊಂದೇ ಇದ್ದರೆ ಸರಾಸರಿಯಿಂದಲೂ ಆಗುವುದಿಲ್ಲ, ಉಳಿಯುವುದು ಎರಡೇ ಸಂಖ್ಯೆ. ಪೆಟ್ಟಿಗೆಗಳ ತಾಪಮಾನ ಅದಲು ಬದಲು ಮಾಡಿ ಇನ್ನೂ ಎರಡು ಮೂರು ಸುತ್ತು ಮಾಡಲು ಸಮಯ ಇದೆಯೇ ನೋಡಿ. ಮೊಳಕೆ ಪ್ರಯೋಗಕ್ಕೆ ಒಂದು ಸುತ್ತು ಎಂದರೆ ಸಾಮಾನ್ಯವಾಗಿ ಒಂದೆರಡು ವಾರ. ಸಮಯ ಇಲ್ಲದಿದ್ದರೆ ಪಿ ಬೆಲೆ ಬಿಟ್ಟು, ಎರಡೂ ಪೆಟ್ಟಿಗೆಯ ಸಂಖ್ಯೆಗಳನ್ನು ಹಾಗೇ ಗ್ರಾಫ್‌ನಲ್ಲಿ ತೋರಿಸಿ. ವಿಧಾನದ ಅಧ್ಯಾಯದಲ್ಲಿ "ಪ್ರತಿ ತಾಪಮಾನಕ್ಕೆ ಒಂದು ಇನ್‌ಕ್ಯುಬೇಟರ್, ಅದರಲ್ಲಿ 10 ಡಿಶ್" ಎಂದು ಸ್ಪಷ್ಟವಾಗಿ ಬರೆಯಿರಿ.